ಸೊನ್ನೆಗೆ ಒಂದು ಹೆಜ್ಜೆ ಮುಂಚೆ

2¹²⁷ − 1 ಅನ್ನು ಬಿಡಿಸಿ ಬರೆದರೆ 170141183460469231731687303715884105727. ಒಟ್ಟು 39 ಅಂಕಿ. ಇದು ಅವಿಭಾಜ್ಯ ಎಂದು ಫ್ರಾನ್ಸಿನ ಗಣಿತಜ್ಞ ಲ್ಯೂಕಾ 1876ರಲ್ಲಿ, ಯಂತ್ರದ ನೆರವಿಲ್ಲದೆ ತೋರಿಸಿದರು. 1951ರವರೆಗೆ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಾನೇ ಲೆಕ್ಕ ಹಾಕಿ ನೋಡಬೇಕೆನಿಸಿತು.

ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗುವ ದಾರಿಯನ್ನು ಮೊದಲೇ ಕೈಬಿಟ್ಟೆ. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡಿದರೂ ವರ್ಗಮೂಲ ಮುಟ್ಟಲು ನಾನೂರು ವರ್ಷ ದಾಟುತ್ತದೆ. ಹಾಗೆಂದು ಎಲ್ಲ ಸಂಖ್ಯೆಗಳನ್ನೂ ನೋಡಬೇಕಿಲ್ಲ ಅನ್ನಿ. ಇದಕ್ಕೆ ಅವಿಭಾಜ್ಯ ಅಪವರ್ತನ ಇದ್ದರೆ ಅದು 254k + 1 ರೂಪದಲ್ಲಿರಬೇಕು, ಜೊತೆಗೆ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ಈ ಜರಡಿಯಲ್ಲಿ ಉಳಿಯುವ ಮೊದಲ ಅವಿಭಾಜ್ಯವೇ 2287! ಆದರೂ ತಿಂಗಳುಗಟ್ಟಲೆ ಕೆಲಸ.

ಹಾಗಾಗಿ ಲ್ಯೂಕಾ–ಲೆಹ್ಮರ್ ಪರೀಕ್ಷೆ ಹಿಡಿದೆ. 4ರಿಂದ ಶುರು, ವರ್ಗ ಮಾಡು, 2 ಕಳೆ, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೋ. ಘಾತ p ಆದರೆ p − 2 ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ 2ᵖ − 1 ಅವಿಭಾಜ್ಯ, ಬರದಿದ್ದರೆ ಅಲ್ಲ. ಮೊದಲು 2⁷ − 1, ಅಂದರೆ 127 ಅನ್ನೇ ಕಾಗದದ ಮೇಲೆ ಮಾಡಿದೆ: 4, 14, 67, 42, 111, 0. ಕೈಯಲ್ಲಿ ಮಾಡಿದ್ದರಿಂದಲೇ ಸೊನ್ನೆಗೆ ಮುಂಚಿನ 111 ಕಣ್ಣಿಗೆ ಬಿತ್ತು. ಅದು 127 − 16, ಅಂದರೆ 127ರ ಶೇಷದ ಲೆಕ್ಕದಲ್ಲಿ −2⁴.

ದೊಡ್ಡದಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೋಡ್ ಬರೆದೆ. ಶೇಷಕ್ಕಾಗಿ ಭಾಗಾಕಾರವೇ ಬೇಡ. 2¹²⁷ರ ಶೇಷ 1 ಆದ್ದರಿಂದ, ದ್ವಿಮಾನದಲ್ಲಿ ಕೆಳಗಿನ 127 ಬಿಟ್‌ಗಳನ್ನು ಉಳಿಸಿ, ಮೇಲಿನವನ್ನು ಕತ್ತರಿಸಿ ಅವಕ್ಕೇ ಕೂಡಿದರಾಯಿತು. 9ರ ಶೇಷಕ್ಕೆ ಅಂಕಿಗಳನ್ನು ಕೂಡುತ್ತೇವಲ್ಲ, ಅದೇ ಉಪಾಯ. 125 ಸುತ್ತುಗಳು ಕಣ್ಣು ಮಿಟುಕಿಸುವುದರೊಳಗೆ ಮುಗಿದು ಸೊನ್ನೆ ಬಂತು.

ಆದರೆ ಬರೀ ಸೊನ್ನೆಯನ್ನು ನಾನು ನಂಬುವುದಿಲ್ಲ. ಕೋಡ್ ಕೆಟ್ಟಿದ್ದರೂ ಸೊನ್ನೆ ಬರಬಹುದು. ಅದಕ್ಕೇ 111 ನೆನಪಾಯಿತು. ಸೊನ್ನೆ ಬರಬೇಕಾದರೆ ಅದರ ಹಿಂದಿನ ಸಂಖ್ಯೆಯ ವರ್ಗದ ಶೇಷ 2 ಆಗಿರಲೇಬೇಕು. ಇಲ್ಲಿ 2⁶⁴ ಅನ್ನು ವರ್ಗ ಮಾಡಿದರೆ 2¹²⁸, ಅದರ ಶೇಷ 2. ಅಂದರೆ ಈ ಲೆಕ್ಕದಲ್ಲಿ 2ರ ವರ್ಗಮೂಲ ಪೂರ್ಣಾಂಕ! ಅವಿಭಾಜ್ಯದ ಶೇಷಗಣಿತದಲ್ಲಿ ಎರಡಕ್ಕಿಂತ ಹೆಚ್ಚು ವರ್ಗಮೂಲ ಇರುವುದಿಲ್ಲ. ಹಾಗಾಗಿ 124ನೇ ಸುತ್ತಿನ ಸಂಖ್ಯೆ 2⁶⁴ ಅಥವಾ −2⁶⁴ ಎರಡರಲ್ಲೊಂದು. ಆ ಸಾಲನ್ನೂ ಅಚ್ಚು ಹಾಕಿಸಿ ತಾಳೆ ನೋಡಿದ ಮೇಲೆಯೇ ಸಮಾಧಾನವಾದದ್ದು.

ಇನ್ನೊಂದು ತಪಾಸಣೆಗೆ ಘಾತವಾಗಿ 67 ಕೊಟ್ಟೆ. ಸೊನ್ನೆ ಬರಲಿಲ್ಲ, ಬರಲೂಬಾರದು. 2⁶⁷ − 1 ಎಂದರೆ 193707721 × 761838257287 ಎಂದು ಅಮೆರಿಕದ ಗಣಿತಜ್ಞ ಕೋಲ್ 1903ರಲ್ಲಿ ತೋರಿಸಿದ್ದರು. ಪರೀಕ್ಷೆ ಈ ಎರಡು ಅಪವರ್ತನಗಳ ಸುಳಿವನ್ನೂ ಕೊಡುವುದಿಲ್ಲ. ಅವಿಭಾಜ್ಯವಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅಪವರ್ತನ ಬೇಕಿದ್ದರೆ ಮತ್ತೆ ಜರಡಿಯನ್ನೇ ಹಿಡಿಯಬೇಕು, ಈ ಸಲ 134k + 1.