ಹೊರದೇಶದ ಫಂಡಲ್ಲಿ ಊರಿನ ಪಿಎಚ್‌ಸಿಗೆ ಸೋಲಾರ್ ಹಾಕ್ಸೋದು ಹೇಗೆ

ನಿಮ್ಮದು ಸಣ್ಣ ಸಂಸ್ಥೆ, ಊರಿನ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಸೋಲಾರ್ ಹಾಕ್ಸೋಕೆ ಹೊರದೇಶದ ಫೌಂಡೇಶನ್ ಹುಡುಕ್ತಿದೀರಾ? ಮೊದಲು ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿಗೆ ಹೋಗಿ, ನಿಮ್ಮ ಆಸ್ಪತ್ರೆ ಆಗ್ಲೇ ಸರ್ಕಾರದ ಸೋಲಾರ್ ಲಿಸ್ಟಲ್ಲಿ ಇದ್ಯಾ ಕೇಳಿ. ನಮ್ಮ ಆರೋಗ್ಯ ಇಲಾಖೆ, ಸೋಲಾರ್ ಕೆಲಸ ಮಾಡೋ ಸೆಲ್ಕೋ ಫೌಂಡೇಶನ್ ಸೇರಿ ಸರ್ಕಾರಿ ಆಸ್ಪತ್ರೆಗಳಿಗೆ ಸೋಲಾರ್ ಹಾಕೋ 'ಸೌರ ಸ್ವಾಸ್ಥ್ಯ' ಯೋಜನೆ ನಡೆಸ್ತಿದಾರೆ. ಇಕಿಯಾ ಫೌಂಡೇಶನ್ ನೆರವಲ್ಲಿ 12 ರಾಜ್ಯಗಳ 25,000 ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಹಾಕೋ ದೊಡ್ಡ ಪ್ಲಾನ್ ಇದೆ, ಸೌರ ಸ್ವಾಸ್ಥ್ಯವೂ ಅದೇ ದಾರಿದು. ಲಿಸ್ಟಲ್ಲಿದ್ರೆ ಬೇರೆ ಅರ್ಜಿ ಯಾಕೆ, ಸುಮ್ನೆ ಫಾಲೋಅಪ್ ಮಾಡಿ ಸಾಕು.

ಇಲ್ಲ ಅಂದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ತಗೊಳೋದರ ಕಾನೂನು) ನೋಡ್ಕೋಬೇಕು. ರಿಜಿಸ್ಟ್ರೇಶನ್‌ಗೆ ಸಂಸ್ಥೆಗೆ 3 ವರ್ಷ ಆಗಿರ್ಬೇಕು, ಆ 3 ವರ್ಷದಲ್ಲಿ ಕನಿಷ್ಠ 15 ಲಕ್ಷ ಕೆಲಸಕ್ಕೆ ಖರ್ಚು ಮಾಡಿರ್ಬೇಕು, ಹೊರಗಿನ ದುಡ್ಡು ಮೊದಲು ಬರೋದು ದೆಹಲಿಯ ಎಸ್‌ಬಿಐ ಮೇನ್ ಬ್ರಾಂಚ್ ಖಾತೆಗೇ, ಆಡಳಿತದ ಖರ್ಚು 20% ದಾಟೋ ಹಾಗಿಲ್ಲ. 2020ರ ತಿದ್ದುಪಡಿ ಆದ್ಮೇಲೆ ದೊಡ್ಡ ಸಂಸ್ಥೆ ತಾನು ತಗೊಂಡ ವಿದೇಶಿ ದುಡ್ಡನ್ನ ನಿಮಗೆ ದಾಟಿಸೋಕೂ ಆಗಲ್ಲ. ಹಾಗಾಗಿ ರಿಜಿಸ್ಟ್ರೇಶನ್ ಇಲ್ದೋರು ದುಡ್ಡು ಕೇಳ್ಬೇಡಿ, ರಿಜಿಸ್ಟ್ರೇಶನ್ ಇರೋ ದೊಡ್ಡ ಸಂಸ್ಥೆಯವರೇ ನೇರವಾಗಿ ಖರ್ಚು ಮಾಡ್ಲಿ, ಸರ್ವೆ, ಊರವರ ಜೊತೆ ಮಾತುಕತೆ, ಆಮೇಲಿನ ನಿಗಾ ನೀವು ನೋಡ್ಕೊಳಿ.

ಡೋನರ್ ಹತ್ರ "ಇಷ್ಟು ಕಿಲೋವ್ಯಾಟ್ ಬೇಕು" ಅಂತ ಶುರು ಮಾಡಿದ್ರೆ ಆ ಲೆಕ್ಕದಲ್ಲಿ ಎಸಿನೂ ಸೇರಿರುತ್ತೆ, ಅದು ಬೇಡ. ನರ್ಸ್ ಹತ್ರ ಕೂತು ಯಾವುದು ನಿಲ್ಲಲೇಬಾರದು ಅಂತ ಬರ್ಕೊಳಿ: ಹೆರಿಗೆ ಕೋಣೆ ಲೈಟು, ಬೇಬಿ ವಾರ್ಮರ್, 2ರಿಂದ 8 ಡಿಗ್ರಿ ಒಳಗೇ ಇರ್ಬೇಕಾದ ಲಸಿಕೆ ಫ್ರಿಜ್ಜು.

ಇನ್ನು ಎಂಓಯು (ಒಪ್ಪಂದ ಪತ್ರ), ಕೂದಲು ಸೀಳಿ ನೋಡ್ಬೇಕಾಗಿರೋದು ಇದನ್ನೇ. ಪ್ಯಾನೆಲ್ 25 ವರ್ಷ ಬರುತ್ತೆ, ಬ್ಯಾಟರಿ ಅಷ್ಟು ಬರಲ್ಲ, ಪ್ರಾಜೆಕ್ಟು ಮುಗಿದು ಫೌಂಡೇಶನ್ನವರು ಹೋದ್ಮೇಲೆ ಹೊಸ ಬ್ಯಾಟರಿ ಯಾರು ಹಾಕ್ಸೋದು? "ಸಂಬಂಧಪಟ್ಟವರು ನಿರ್ವಹಿಸತಕ್ಕದ್ದು" ಅಂತ ಬರೆದಿದ್ರೆ ಯಾರೂ ಮಾಡಲ್ಲ ಅಂತ್ಲೇ ಅರ್ಥ (ಇಂಥ ವಾಕ್ಯ ಬರೆಯೋದ್ರಲ್ಲಿ ಆಫೀಸ್‌ಗಳು ಎತ್ತಿದ ಕೈ). ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಕೊಡುತ್ತಾ, ಇಲಾಖೆ ಬಜೆಟ್ಟಿಂದ ಬರುತ್ತಾ, ಕರೆಂಟ್ ಬಿಲ್ಲಲ್ಲಿ ಉಳಿಯೋ ದುಡ್ಡನ್ನ ಎತ್ತಿಡ್ತಾರಾ, ಸ್ಪಷ್ಟವಾಗಿ ಬರೆಸಿ, ಅಧಿಕಾರಿ ಹೆಸರು ಬೇಡ, ಹುದ್ದೆ ಹೆಸರು ಹಾಕ್ಸಿ, ಯಾಕಂದ್ರೆ ಟ್ರಾನ್ಸ್‌ಫರ್ ಆಗ್ತಾನೇ ಇರುತ್ತೆ. ಎಎಂಸಿ (ವಾರ್ಷಿಕ ನಿರ್ವಹಣೆ) ಕಂಪನಿಯವರು ಕಂಪ್ಲೇಂಟ್ ಬಂದ ಎಷ್ಟು ದಿನದೊಳಗೆ ಬರ್ಬೇಕು ಅನ್ನೋದೂ ಇರ್ಲಿ.

ಹಾಂ, ಸೋಲಾರ್ ಬಂತು ಅಂತ ಎಸ್ಕಾಂ ಕನೆಕ್ಷನ್ ತೆಗೆಸ್ಬೇಡಿ, ಆಷಾಢದಲ್ಲಿ ಮಲೆನಾಡಿನ ಕಡೆ ಬ್ಯಾಟರಿ ತುಂಬೋಕೆ ಅದೇ ಬೇಕು.