ಹೆಲ್ಸಿಂಕಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಹೆಲ್ಸಿಂಕಿ 60ನೇ ಉತ್ತರ ಅಕ್ಷಾಂಶದಲ್ಲಿರುವ ಬಂದರು ನಗರ. ಸರಕು ಹಡಗುಗಳ ವಹಿವಾಟು 2008ರಲ್ಲಿ ವುವೊಸಾರಿ ಬಂದರಿಗೆ ಸ್ಥಳಾಂತರವಾದ ಮೇಲೆ ಊರಿನ ನಡುವಿನ ಧಕ್ಕೆಗಳಲ್ಲಿ ಹೆಚ್ಚಾಗಿ ಕಾಣುವುದು ಟ್ಯಾಲಿನ್, ಸ್ಟಾಕ್‌ಹೋಮ್‌ಗಳ ಪ್ರಯಾಣಿಕ ಹಡಗುಗಳು.

ಮೊದಲು ಕಾಗದಪತ್ರಗಳ ಕೆಲಸ ಮುಗಿಸಿಕೊಳ್ಳಿ. ನಿವಾಸ ಪರವಾನಗಿ ಕೈಯಲ್ಲಿದ್ದರೂ ನಗರದ ನಿವಾಸಿಗಳೆಂದು ಜನಸಂಖ್ಯಾ ನೋಂದಣಿ ಕಚೇರಿಯಲ್ಲಿ ದಾಖಲಾಗಬೇಕು. ಅದಕ್ಕೆ ವಿವಾಹ ಪ್ರಮಾಣಪತ್ರ ಮತ್ತು ಮಕ್ಕಳ ಜನನ ಪ್ರಮಾಣಪತ್ರಗಳ ಮೇಲೆ ಭಾರತದ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್, ಅಂದರೆ ಹೊರದೇಶದಲ್ಲಿ ಬಳಸಲು ದಾಖಲೆಯನ್ನು ದೃಢೀಕರಿಸುವ ಮುದ್ರೆ, ಇರಬೇಕು. ಆ ಮುದ್ರೆಯಿಲ್ಲದೆ ಬಂದವರು ಮೂಲ ಪ್ರತಿಗಳನ್ನು ಮತ್ತೆ ಊರಿಗೆ ಕಳುಹಿಸಿ ಕಾಯಬೇಕಾಗುತ್ತದೆ. ಬ್ಯಾಂಕ್ ಕೊಡುವ ಆನ್‌ಲೈನ್ ಗುರುತಿನಿಂದಲೇ ಇಲ್ಲಿನ ಬಹುತೇಕ ಸರ್ಕಾರಿ ಸೇವೆಗಳ ಬಾಗಿಲು ತೆರೆಯುವುದರಿಂದ, ಖಾತೆ ತೆರೆಯುವುದನ್ನು ಮುಂದೂಡಬೇಡಿ.

ಎಲ್ಲರೂ ಚಳಿಯ ಬಗ್ಗೆ ಕೇಳುತ್ತಾರೆ; ನಮ್ಮ ಅನುಭವದಲ್ಲಿ ಹೆಚ್ಚು ಕಾಡುವುದು ಕತ್ತಲು. ಮನೆಗಳು ಬೆಚ್ಚಗಿರುತ್ತವೆ, ಆದರೆ ಡಿಸೆಂಬರಿನಲ್ಲಿ ಸೂರ್ಯ ಒಂಬತ್ತು ಗಂಟೆ ದಾಟಿದ ಮೇಲೆ ಹುಟ್ಟಿ ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಮುಳುಗುತ್ತಾನೆ. ಮೋಡ ಕವಿದ ನವೆಂಬರ್, ಹಿಮ ಬಿದ್ದು ಬೆಳ್ಳಗಾದ ಜನವರಿಗಿಂತ ಕಷ್ಟದ್ದು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೊರಗೆ ನಡೆದಾಡುವುದು, ವೈದ್ಯರನ್ನು ಕೇಳಿ ವಿಟಮಿನ್ ಡಿ ತೆಗೆದುಕೊಳ್ಳುವುದು, ಕತ್ತಲಲ್ಲಿ ವಾಹನದವರಿಗೆ ಕಾಣುವಂತೆ ಕೋಟಿನ ಅಂಚಿಗೆ ಬೆಳಕು ಪ್ರತಿಫಲಿಸುವ ರಿಫ್ಲೆಕ್ಟರ್ ತೂಗಿಹಾಕುವುದು, ಈ ಮೂರನ್ನೂ ಅಕ್ಟೋಬರಿನಲ್ಲೇ ರೂಢಿಸಿಕೊಳ್ಳಿ. ಜೂನ್ ತಿಂಗಳಲ್ಲಿ ಹಗಲು ಸುಮಾರು ಹತ್ತೊಂಬತ್ತು ಗಂಟೆಯಷ್ಟು ಇರುವುದರಿಂದ, ಮಕ್ಕಳನ್ನು ಮಲಗಿಸಲು ದಪ್ಪ ಪರದೆಯೇ ಬೇಕು.

ಶಿಶುವಿಹಾರದಲ್ಲಿ ಮಕ್ಕಳನ್ನು ಮಳೆಯಿರಲಿ, ಹಿಮವಿರಲಿ ದಿನವೂ ಹೊರಗೆ ಆಡಿಸುತ್ತಾರೆ. ಆದ್ದರಿಂದ ಅಂಗಾಲಿಗೆ ಸಿಕ್ಕಿಸುವ ಪಟ್ಟಿಯುಳ್ಳ ರಬ್ಬರಿನಂಥ ಮಳೆ ಪ್ಯಾಂಟು, ಮೈಮುಚ್ಚುವ ಚಳಿ ದಿರಿಸು ಮತ್ತು ಎರಡು ಜೊತೆ ಕೈಗವಸು ಬೇಕು. ಎಲ್ಲದರ ಮೇಲೂ ಹೆಸರು ಬರೆಯಿರಿ. ಮಕ್ಕಳು ಬೇಗ ಬೆಳೆಯುವುದರಿಂದ ಇವನ್ನು ಬಳಸಿದ ಬಟ್ಟೆಗಳ ಅಂಗಡಿಯಲ್ಲಿ ಕೊಳ್ಳುವುದೇ ಜಾಣತನ, ಅದಕ್ಕೆ ಇಲ್ಲಿ ಯಾರೂ ಸಂಕೋಚಪಡುವುದಿಲ್ಲ. ಒಂದನೇ ತರಗತಿ ಏಳನೇ ವಯಸ್ಸಿಗೆ. ಶಾಲೆಯಲ್ಲಿ ಬಿಸಿಯೂಟ ಉಚಿತ, ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸಿಡಿ. ಬಸ್ಸು, ಟ್ರ್ಯಾಮುಗಳಲ್ಲಿ ಮಗುವನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುವವರಿಗೆ ಟಿಕೆಟ್ ಬೇಕಿಲ್ಲ.

ಅಡುಗೆಯ ವಿಷಯದಲ್ಲಿ ಅಷ್ಟು ಚಿಂತೆ ಬೇಡ. ಹಕನಿಯೆಮಿ ಬಡಾವಣೆಯ ಸುತ್ತಲಿನ ಏಷ್ಯನ್ ಅಂಗಡಿಗಳಲ್ಲಿ ಬೇಳೆ, ಮಸಾಲೆಗಳು ದೊರೆಯುತ್ತವೆ. ಯಾವುದೇ ದಿನಸಿ ಅಂಗಡಿಯಲ್ಲಿ ಸಿಗುವ ‘ಪೀಮ್ಯಾ’ ನಮ್ಮ ಮಜ್ಜಿಗೆಗೆ ಬಹಳ ಹತ್ತಿರ. ಇಂಗು, ಸಾಸಿವೆಯ ಒಗ್ಗರಣೆ ಕೊಟ್ಟರೆ ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ದೋಸೆ ಹಿಟ್ಟು ಉಬ್ಬದಿದ್ದರೆ ಪಾತ್ರೆಯನ್ನು ಓವನ್ನಿನೊಳಗಿಟ್ಟು ಅದರ ದೀಪವನ್ನಷ್ಟೇ ರಾತ್ರಿಯಿಡೀ ಹಚ್ಚಿಡಿ.