ಮೆತ್ತಿನ ಮೇಲಿನ ಮೈನ್‌ಕ್ರಾಫ್ಟ್ ಸರ್ವರಿಗೆ ಡೆಬಿಯನ್ ಯಾಕೆ?

ಶಿರಸಿ ಹತ್ತಿರದ ನಮ್ಮ ಮನೆಯ ಮೆತ್ತಿನ ಮೇಲೆ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಅದರಲ್ಲಿ ಮೈನ್‌ಕ್ರಾಫ್ಟ್ ಆಟದ ಜಾವಾ ಆವೃತ್ತಿಯ ಸರ್ವರ್ ಓಡುತ್ತದೆ. ಕಾರವಾರದಲ್ಲಿರುವ ಅಕ್ಕನ ಮಕ್ಕಳು, ಕುಮಟಾದ ಅವರ ಗೆಳೆಯರು, ರಜೆ ಬಂದರೆ ಊರಿನ ಹುಡುಗರು, ಎಲ್ಲ ಸೇರಿ ಆಡುತ್ತಾರೆ. ನಾನು ಕೆಲಸಕ್ಕಾಗಿ ಹುಬ್ಬಳ್ಳಿಯಲ್ಲಿದ್ದೇನೆ. ಮನೆಯಲ್ಲಿ ಅಮ್ಮ ಒಬ್ಬರೇ. ಹಾಗಾಗಿ ಅದಕ್ಕೆ ಡಿಸ್ಟ್ರೋ (ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ರೂಪ) ಆರಿಸುವಾಗ ನನಗೆ ಮುಖ್ಯವಾಗಿದ್ದು ಒಂದೇ ಪ್ರಶ್ನೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಇದು ಯಾರೂ ಮುಟ್ಟದೆ ತಾನಾಗಿ ಏಳುತ್ತದಾ?

"ಯಾವುದ್ರಲ್ಲಿ ಫಾಸ್ಟ್ ಓಡ್ತದೆ ಮಾಮಾ?" ಅಂತ ಅಕ್ಕನ ಮಗ ಕೇಳುತ್ತಿದ್ದ. ವೇಗದಲ್ಲಿ ಡಿಸ್ಟ್ರೋಗಳ ನಡುವೆ ಹೇಳುವಂಥ ವ್ಯತ್ಯಾಸವಿಲ್ಲ. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಟಿಕ್‌ನಂತೆ (ಟಿಕ್ ಅಂದರೆ ಆಟದ ಒಂದು ಹೆಜ್ಜೆ) ನಡೆಯುತ್ತದೆ, ಅಂದರೆ ಒಂದು ಟಿಕ್ಕಿಗೆ 50 ಮಿಲಿಸೆಕೆಂಡ್. ಆಟದ ಮುಖ್ಯ ಲೆಕ್ಕವೆಲ್ಲ ಒಂದೇ ಥ್ರೆಡ್ಡಿನಲ್ಲಿ, ಅಂದರೆ ಒಂದಾದ ಮೇಲೊಂದರಂತೆ, ಆಗುವುದರಿಂದ ಪ್ರೊಸೆಸರಿನ ಒಂದು ಕೋರ್ ಎಷ್ಟು ಚುರುಕು ಅನ್ನುವುದೇ ದೊಡ್ಡದು. ಡಿಸ್ಟ್ರೋ ಮಾಡಬಹುದಾದ ಉಪಕಾರ ಅಂದರೆ ರ‍್ಯಾಮ್ ತಿನ್ನದೆ ಇರುವುದು. ಐಕಾನು–ಕಿಟಕಿಗಳ ಡೆಸ್ಕ್‌ಟಾಪ್ ಪರದೆ ಹಾಕದೆ ಇನ್‌ಸ್ಟಾಲ್ ಮಾಡಿದರೆ ಅದು ಆಗುತ್ತದೆ.

ಆರ್ಚ್ ನನಗೆ ತುಂಬಾ ಇಷ್ಟ, ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದೂ ಅದೇ. ಆದರೆ ಅದಕ್ಕೆ ಅಪ್‌ಡೇಟ್ ಬರುತ್ತಲೇ ಇರುತ್ತದೆ, ಎದುರು ಕೂತು ನೋಡಿಕೊಳ್ಳುವವರು ಬೇಕು. ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳ ಆಯಸ್ಸು. ಆಲ್ಪೈನ್ ಬಹಳ ಹಗುರ, ಆದರೆ ಅದರ ಸಿ ಲೈಬ್ರರಿ (ಪ್ರೋಗ್ರಾಮುಗಳು ಆಧರಿಸುವ ಮೂಲ ಭಾಗ) ಬೇರೆ. ಮುಂದೆ ಹುಡುಗರು ಕೌಂಟರ್ ಸ್ಟ್ರೈಕ್ ಕೇಳಿದರೆ ಅದರ ಸರ್ವರ್ ಇಳಿಸಿಕೊಳ್ಳಲು ಬೇಕಾದ ಸ್ಟೀಮ್‌ಸಿಎಂಡಿ ಆಲ್ಪೈನಿನಲ್ಲಿ ನೇರವಾಗಿ ಓಡುವುದಿಲ್ಲ. ಉಳಿದದ್ದು ಉಬುಂಟು ಎಲ್‌ಟಿಎಸ್ (ಹಲವು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ) ಮತ್ತು ಡೆಬಿಯನ್. ಎರಡೂ ಒಳ್ಳೆಯವೇ. ನಾನು ಡೆಬಿಯನ್ 13 ಹಾಕಿದೆ. ಅದಕ್ಕೆ ಜಾವಾ ಒಂದು ಕಾರಣ. ಮೈನ್‌ಕ್ರಾಫ್ಟ್ 1.20.5ರಿಂದ 1.21ರ ಸಾಲಿನವರೆಗಿನ ಆವೃತ್ತಿಗಳನ್ನು ಓಡಿಸಲು ಜಾವಾ 21 ಬೇಕು. ಡೆಬಿಯನ್ 12ರ ಭಂಡಾರದಲ್ಲಿ (ಅದರದೇ ತಂತ್ರಾಂಶ ಸಂಗ್ರಹದಲ್ಲಿ) ಇರುವುದು 17. 2025ರ ಆಗಸ್ಟಿನಲ್ಲಿ ಬಂದ 13ರಲ್ಲಿ 21 ಇದೆ, ಹೊರಗಿನಿಂದ ತಂದು ಹಾಕುವ ಕೆಲಸವಿಲ್ಲ. ಭದ್ರತೆಯ ಅಪ್‌ಡೇಟುಗಳನ್ನು 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ತಾನೇ ಹಾಕಿಕೊಳ್ಳುತ್ತದೆ.

ಇನ್ನು ಕರೆಂಟಿನ ವಿಷಯ. ನಮ್ಮ ಕಡೆ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳಲಾಗದು. ಮನೆಯ ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿಟ್ಟಿದ್ದೇನೆ. ಸಾದಾ ಮೋಡಿನಲ್ಲಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಬಹುದು. ಆದರೆ ಬ್ಯಾಟರಿ ಮುಗಿಯುತ್ತಾ ಬಂತು ಅಂತ ನಮ್ಮ ಇನ್ವರ್ಟರ್ ಕಂಪ್ಯೂಟರಿಗೆ ಹೇಳುವುದಿಲ್ಲ ಅಲ್ವಾ? ಅದಕ್ಕೇ ನಡುವೆ ಒಂದು ಚಿಕ್ಕ ಯುಪಿಎಸ್ ಇಟ್ಟು, ಯುಎಸ್‌ಬಿ ಕೇಬಲ್ ಜೋಡಿಸಿದೆ. ಡೆಬಿಯನ್ ಭಂಡಾರದಲ್ಲೇ ಇರುವ 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್' ಅದರ ಮೇಲೆ ಕಣ್ಣಿಟ್ಟಿರುತ್ತದೆ. ಚಾರ್ಜ್ ಇಳಿದರೆ ಯಂತ್ರವನ್ನು ಸರಿಯಾಗಿ ಬಂದ್ ಮಾಡುತ್ತದೆ. ಆಗ ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಪ್ರೋಗ್ರಾಮುಗಳನ್ನು ಶುರು ಮಾಡುವ, ನಿಲ್ಲಿಸುವ ಭಾಗ) ಆಟಕ್ಕೆ ನಿಲ್ಲುವ ಸೂಚನೆ ಕೊಡುತ್ತದೆ, ಸರ್ವರ್ ಮಕ್ಕಳು ಕಟ್ಟಿದ್ದನ್ನೆಲ್ಲ ಸೇವ್ ಮಾಡಿಯೇ ನಿಲ್ಲುತ್ತದೆ. ಒಮ್ಮೆಲೇ ಆರಿದರೆ ಕೊನೆಯ ಸೇವ್ ಆದಮೇಲೆ ಕಟ್ಟಿದ್ದು ಹೋಗುತ್ತದೆ, ಫೈಲು ಕೆಡಲೂಬಹುದು. ಹುಡುಗರು ಇಡೀ ರಜೆ ಕೂತು ಕಟ್ಟಿದ ಕೋಟೆ ಹಾಗೆ ಹೋಗಬಾರದು.

ಮತ್ತೆ ಏಳುವುದಕ್ಕೆ ಕಂಪ್ಯೂಟರಿನ ಬಯಾಸ್ ಸೆಟ್ಟಿಂಗಿನಲ್ಲಿ ಕರೆಂಟು ಬಂದೊಡನೆ ಆನ್ ಆಗುವ ಆಯ್ಕೆ ಇಟ್ಟಿದ್ದೇನೆ. ಸಿಸ್ಟಮ್‌ಡಿ ಸರ್ವಿಸ್ ಫೈಲಿನಲ್ಲಿ 'ರೀಸ್ಟಾರ್ಟ್' ಮುಂದೆ 'ಆಲ್ವೇಸ್' ಅಂತ ಬರೆದು ಎನೇಬಲ್ ಮಾಡಿದ್ದೇನೆ. ಆಟ ನಡುವೆ ಕ್ರ್ಯಾಶ್ ಆದರೂ ಮತ್ತೆ ಶುರುವಾಗುತ್ತದೆ. ಒಂದು ಮಾತು, ಏಪ್ರಿಲ್–ಮೇ ತಿಂಗಳ ಗುಡುಗು–ಸಿಡಿಲಿಗೆ ಇದ್ಯಾವುದೂ ಔಷಧವಲ್ಲ. ಆಗ ಅಮ್ಮ ಎಂದಿನಂತೆ ಪ್ಲಗ್ ಕಿತ್ತಿಡುತ್ತಾರೆ, ರೌಟರಿನದ್ದೂ ಸೇರಿ. ಯುಪಿಎಸ್ ಇರುವುದರಿಂದ ಕಿತ್ತರೂ ಯಂತ್ರ ನಿಧಾನವಾಗಿ ಬಂದ್ ಆಗುತ್ತದೆ.

ನಮ್ಮ ಇಂಟರ್‌ನೆಟ್ಟಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪುವ ವಿಳಾಸ) ಇಲ್ಲ. ರೌಟರಿನಲ್ಲಿ ಆಟದ 25565 ಪೋರ್ಟ್ (ಸಂಪರ್ಕದ ಬಾಗಿಲು) ತೆರೆದರೂ ಹೊರಗಿನವರು ಒಳಗೆ ಬರಲಾರರು. ಮುಂಬೈಯಲ್ಲಿ ಒಂದು ಅಗ್ಗದ ಬಾಡಿಗೆ ಸರ್ವರ್ ತೆಗೆದುಕೊಂಡು, ಹುಡುಗರು ಒಳಗೆ ಬರಲು ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಎಂಬ ವಿಪಿಎನ್ ದಾರಿ ಮಾಡಿದೆ. ವೈರ್‌ಗಾರ್ಡ್ 2020ರಿಂದ ಲಿನಕ್ಸಿನ ತಿರುಳಾದ ಕರ್ನಲಿನಲ್ಲೇ ಇದೆ. ಆಟವನ್ನೇ ಆ ಬಾಡಿಗೆ ಸರ್ವರಿನಲ್ಲಿ ಇಡುವುದಾದರೆ ಜಾಸ್ತಿ ರ‍್ಯಾಮ್ ಬೇಕು, ಬಾಡಿಗೆಯೂ ಏರುತ್ತದೆ.

ಮೊಬೈಲಿನ ಬೆಡ್‌ರಾಕ್ ಆವೃತ್ತಿಯನ್ನೇ ಆಡಿಸುವುದಿದ್ದರೆ ಮಾತ್ರ ಉಬುಂಟು ಹಾಕಿ. ಬೆಡ್‌ರಾಕ್ ಸರ್ವರನ್ನು ಲಿನಕ್ಸಿನಲ್ಲಿ ಮೈನ್‌ಕ್ರಾಫ್ಟ್ ತಯಾರಿಸುವ ಮೊಜಾಂಗ್ ಅಧಿಕೃತವಾಗಿ ಉಬುಂಟುವಿಗೆಂದೇ ಕೊಡುತ್ತದೆ. ಅದರ ಪೋರ್ಟ್ 19132, ಯುಡಿಪಿ. ಕರೆಂಟಿನ ಏರ್ಪಾಡೆಲ್ಲ ಇದೇ ರೀತಿ ಮಾಡಿಕೊಳ್ಳಬಹುದು.